ಜೊತೆಗೆ ಹೋಗಿ, ಜೊತೆಗೆ ನೋಡಿ



‘ಉಸ್ತಾದ್, ಹೆಗ್ಗೋಡಿನಲ್ಲಿ ನಾಟಕವಿದೆಯಂತೆ. ಮಗಳು ಹೋಗಬೇಕೆಂದು ಹಟ ಹಿಡಿದಿದ್ದಾಳೆ. ಕಳಿಸಬಹುದಾ?’ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹೆತ್ತವರು ಆಗಾಗ ಕೇಳುವ ಪ್ರಶ್ನೆಯಿದು. ಬೇಡವೆನ್ನುವುದು ಸುಲಭ. ಆದರೆ ಹಾಗೆನ್ನುವ ಮನೆಗಳಲ್ಲೇ ಸಂಜೆಯಿಂದ ಟಿ.ವಿ. ಧಾರಾವಾಹಿಗಳು ಓಡುತ್ತಿರುತ್ತವೆ. ಮಕ್ಕಳ ಮೊಬೈಲಿನಲ್ಲಿ ಏನಿದೆಯೆಂದು ಯಾರೂ ನೋಡಿರುವುದಿಲ್ಲ.

ಹೆಗ್ಗೋಡು ಸಾಗರ ತಾಲೂಕಿನ ಪುಟ್ಟ ಹಳ್ಳಿ. 1949ರಲ್ಲಿ ಇಲ್ಲಿ ಹುಟ್ಟಿದ ನೀನಾಸಮ್, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ಊರೂರು ಸುತ್ತುವ ‘ತಿರುಗಾಟ’ವನ್ನೂ ಆರಂಭಿಸಿತು. ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹೊರಗಿನವರು ಹುಡುಕಿಕೊಂಡು ಬರುವ ಈ ಅಂಗಳ ನಮ್ಮ ಮಕ್ಕಳಿಗೆ ಮಾತ್ರ ಅಪರಿಚಿತವಾಗಿ ಉಳಿಯಬೇಕೇ?

ನಾಟಕದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅಶ್ಲೀಲವಾದುದು, ಧರ್ಮವನ್ನು ಗೇಲಿ ಮಾಡುವಂಥದ್ದು ನಮಗೆ ಬೇಡ. ಹಾಗೆಂದು ನೋಡುವುದೆಲ್ಲವೂ ಕೆಡುಕೆಂದು ತೀರ್ಪು ಕೊಡುವ ಮುನ್ನ ಬುಖಾರಿ, ಮುಸ್ಲಿಮ್ ಗ್ರಂಥಗಳಲ್ಲಿರುವ ಒಂದು ಘಟನೆಯನ್ನು ನೆನೆಯೋಣ. ಹಬ್ಬದ ದಿನ ಮಸೀದಿಯಲ್ಲಿ ಅಬಿಸೀನಿಯದವರು ಈಟಿಗಳ ಆಟವಾಡುತ್ತಿದ್ದರು. ಪ್ರವಾದಿಯವರು(ಸ) ಹ. ಆಯಿಶಾರಿಗೆ(ರ) ಅದನ್ನು ತೋರಿಸಿದರು. ತಮ್ಮ ಹೊದಿಕೆಯಿಂದ ಅವರನ್ನು ಮರೆಮಾಡಿ, ಅವರಿಗೇ ಸಾಕೆನಿಸುವವರೆಗೆ ನಿಂತರು. ಗಮನಿಸಿ, ಪ್ರವಾದಿಯವರು(ಸ) ತಡೆಯಲೂ ಇಲ್ಲ, ಒಂಟಿಯಾಗಿ ಕಳಿಸಲೂ ಇಲ್ಲ. ಜೊತೆಗೆ ನಿಂತರು.

‘ವೇದಿಕೆಯಲ್ಲಿ ಅವರ ದೇವರು ಬಂದರೆ?’ ಎಂದು ಕೆಲವರು ಅಳುಕುತ್ತಾರೆ. ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯ ಕುವೆಂಪು ಅವರ ‘ಜಲಗಾರ’ವನ್ನೇ ತೆಗೆದುಕೊಳ್ಳಿ. ಊರಿಗೆ ಊರೇ ಜಾತ್ರೆಗೆ ಹೊರಟಾಗ ಬೀದಿ ಗುಡಿಸುತ್ತ ಉಳಿದವನ ಬಳಿಗೆ ಶಿವನೇ ಬರುತ್ತಾನೆ. ಅದು ನಮ್ಮ ವಿಶ್ವಾಸವಲ್ಲ; ತೌಹೀದ್ ತಿಳಿದ ಮಗುವಿಗೆ ಅದು ಗೊತ್ತು. ಆದರೆ ಗುಡಿಸುವವನನ್ನು ಕೀಳಾಗಿ ಕಾಣಬಾರದೆಂಬ ಮಾತು ನಮ್ಮದೂ ಹೌದಲ್ಲವೇ? ಪ್ರವಾದಿಯವರ(ಸ) ಮಸೀದಿಯನ್ನು ಗುಡಿಸುತ್ತಿದ್ದ ಮಹಿಳೆ ತೀರಿಕೊಂಡಾಗ ಜನರು ಅವರಿಗೆ ತಿಳಿಸದೆಯೇ ದಫನ ಮಾಡಿದ್ದರು. ವಿಷಯ ತಿಳಿದಾಗ ಅವರು ಕಬರ್ ಎಲ್ಲಿದೆಯೆಂದು ಕೇಳಿ, ಅಲ್ಲಿಗೆ ಹೋಗಿ ನಮಾಝ್ ನಿರ್ವಹಿಸಿದರು. ನಾಟಕ ನೋಡಿ ಮರಳುವಾಗ ಮಗುವಿಗೆ ಈ ಘಟನೆ ಹೇಳಿ. ನೆರೆಮನೆಯವರ ಮನಸ್ಸೂ ನಮ್ಮ ದೀನ್‌ನ ಸೊಬಗೂ ಒಟ್ಟಿಗೇ ಅದಕ್ಕೆ ಅರ್ಥವಾಗುತ್ತದೆ.

ಮೊದಲ ಸಲ ಹೋಗುವವರಿಗೆ ಕೆಲವು ಮಾತು. ಯಾವ ನಾಟಕ, ಏನು ಕಥೆ ಎಂದು ಮೊದಲೇ ವಿಚಾರಿಸಿ. ಮಗ್ರಿಬ್ ನಿರ್ವಹಿಸಿ ಹೊರಡಿ. ಇಶಾಗೆ ಧಾರಾಳ ಸಮಯವಿದೆ. ತಾಯಿ, ಮಗಳು ಒಟ್ಟಿಗೆ ಕೂರಲಿ. ಮೊಬೈಲ್ ಆಫ್ ಮಾಡಿ. ರಂಗದ ಮೇಲಿರುವವರು ಪರದೆಯ ಚಿತ್ರಗಳಲ್ಲ, ಜೀವಂತ ಮನುಷ್ಯರು. ನಿಮ್ಮ ಪಿಸುಮಾತೂ ಅವರಿಗೆ ಕೇಳಿಸುತ್ತದೆ. ತಪ್ಪಿದರೆ ಮತ್ತೆ ಚಿತ್ರೀಕರಿಸುವ ಅವಕಾಶ ಅವರಿಗಿಲ್ಲ. ಇನ್ನೊಬ್ಬರ ನೋವನ್ನು ನಡುವೆ ಬಾಯಿ ಹಾಕದೆ ಎರಡು ಗಂಟೆ ಕೇಳುವ ಅದಬ್ ನಮ್ಮ ಮಕ್ಕಳಿಗೆ ಬೇರೆಲ್ಲಿ ಸಿಕ್ಕೀತು?

ಹೋಗುವುದೇ ಬೇಡವೆಂದು ಮನವರಿಕೆಯಾದರೆ ಅದನ್ನೂ ಕಾರಣ ಹೇಳಿ ತಿಳಿಸಿ, ಗದರಿಸಿ ಅಲ್ಲ. ಇಂದು ನಾವು ಜೊತೆಗೆ ನಿಲ್ಲದಿದ್ದರೆ, ನಾಳೆ ಅವರು ನಮಗೆ ಹೇಳದೆಯೇ ಹೋಗುತ್ತಾರೆ.

ಮಕ್ಕಳ ಬಳಿ ನಿಂತು ಲೋಕವನ್ನು ತೋರಿಸುವ ಸಹನೆಯನ್ನು ಅಲ್ಲಾಹನು ನಮಗೆ ಕರುಣಿಸಲಿ.