ಬೇಲಿ ಕಿತ್ತ ಮೇಲೆ ಹಕ್ಕಿ ಎಲ್ಲಿ ಅಂತ ಕೇಳಬೇಡಿ

ನಮ್ಮ ಕಡೆ ಒಂದು ಚಾಳಿ ಶುರುವಾಗಿದೆ. ಕೈಯಲ್ಲಿ ನಾಲ್ಕು ಕಾಸು ಆಡಿದ್ರೆ ಸಾಕು, ಜೆಸಿಬಿ ಕರೆಸಿ ಹಸಿರು ಬೇಲಿ ಕೀಳಿಸೋದು, ಕಲ್ಲುಕಂಬ ನೆಟ್ಟು ತಂತಿ ಎಳೆಸೋದು. ಹೊಲ ನೀಟಾಗಿ ಕಾಣುತ್ತೆ ಅಂತೀರಿ. ನೀಟಾಗಿ ಕಾಣೋಕೆ ಹೊಲ ಏನು ಮದುವೆ ಚಪ್ಪರವಾ?

ಮೊದಲು ನನ್ನ ತಪ್ಪೇ ಹೇಳ್ತೀನಿ. ಹೋದ ವರ್ಷ ಮೂಡಲ ಬದುವಿನ ಲಂಟಾನ, ಕಾರೆ, ಲಕ್ಕಿ ಎಲ್ಲಾ ಕೀಳಿಸಿದೆ. ಮಣ್ಣಲ್ಲಿ ಒಂದು ಗೂಡು, ಒಡೆದ ಮೂರು ನೀಲಿ ಮೊಟ್ಟೆ. ಹರಟೆಮಲ್ಲನದು. ಗುಂಪು ಎರಡು ದಿನ ಅಲ್ಲೇ ಕಿರುಚಾಡಿ ಹೋಯ್ತು. ಇವತ್ತಿಗೂ ಆ ಕಡೆ ಬಂದಿಲ್ಲ.

ನೀವೆಲ್ಲ ನೋಡಿರೋ ಹಕ್ಕೀನೇ. ಮಣ್ಣಿನ ಬಣ್ಣ, ಆರೇಳು ಒಟ್ಟಿಗೆ, ದಿನವೆಲ್ಲ ತರಗೆಲೆ ಮಗುಚಿ ಹುಳ ಹೆಕ್ಕುತ್ತೆ. ಮುತ್ತುಗ, ಬೂರುಗ ಹೂಬಿಟ್ಟಾಗ ಸಿಹಿ ಹೀರೋಕೂ ಬರುತ್ತೆ. ಉಳಿದವು ಮೇಯುವಾಗ ಒಂದು ಮೇಲೆ ಕೂತು ಕಾವಲು ಕಾಯುತ್ತೆ. ಮೊಟ್ಟೆ ಇಡೋದು ಒಂದು ಜೋಡಿ, ಮರಿಗೆ ಗುಟುಕು ಕೊಡೋದು ಗುಂಪೆಲ್ಲಾ. ಒಂದಡಿ ಬದುವಿಗೆ ಅಣ್ಣತಮ್ಮ ಕೋರ್ಟು ಹತ್ತೋರು ನಾವು!

"ಅದಕ್ಕೆ ರೆಕ್ಕೆ ಇಲ್ವಾ, ಪಕ್ಕದ ಹೊಲಕ್ಕೆ ಹೋಗುತ್ತೆ ಬಿಡಣ್ಣ" ಅಂದ್ರು ಒಬ್ರು. ಅಲ್ಲೇ ತಪ್ಪಿದ್ದು. ಅದರ ರೆಕ್ಕೆ ಗಿಡ್ಡ, ಪಾರಿವಾಳದ ಹಾಗೆ ಬಯಲು ದಾಟಲ್ಲ. ಪೊದೆಯಿಂದ ಪೊದೆಗೆ ಒಂದರ ಹಿಂದೊಂದು ತಗ್ಗಲ್ಲೇ ಹಾರಿ ಹೋಗುತ್ತೆ. ಬೇಲಿನೇ ಅದಕ್ಕೆ ಮನೆ, ಬೇಲಿನೇ ರಸ್ತೆ. ಪಕ್ಕದವರೂ ಕಿತ್ತರೆ ಹೋಗೋದೆಲ್ಲಿಗೆ?

ಕಾಳು ತಿನ್ನಲ್ವಾ ಅಂತೀರಿ. ತಿನ್ನುತ್ತೆ, ಸುಳ್ಳು ಹೇಳಲ್ಲ. ಅದು ತಿನ್ನೋ ಹುಳಹುಪ್ಪಟೆ, ಮಿಡತೆನೂ ಲೆಕ್ಕಕ್ಕೆ ಹಿಡೀರಿ. ಆ ಕೆಲಸಕ್ಕೆ ನಾವು ಅಂಗಡಿಯಿಂದ ಔಷಧಿ ತರ್ತೀವಿ, ಅದೂ ಸಾಲದಲ್ಲಿ.

ಚಾತಕ ಕೂಗಿದ್ರೆ ಮಳೆ ಬಂತು ಅಂತ ಖುಷಿ ಪಡ್ತೀವಿ. ಆ ಚಾತಕ ಗೂಡು ಕಟ್ಟಲ್ಲ ಕಣ್ರಪ್ಪ, ಹರಟೆಮಲ್ಲನ ಗೂಡಲ್ಲಿ ಮೊಟ್ಟೆ ಇಡುತ್ತೆ. ಸಾಕೋ ತಾಯಿಯ ಮನೆ ಕೆಡವಿ ಚಾತಕ ಕಾಯೋದು ಯಾವ ನ್ಯಾಯ?

ಹಂದಿ ಕಾಟ ನನಗೂ ಇದೆ. ತಂತಿ ಹಾಕಿ, ಬೇಡ ಅನ್ನಲ್ಲ. ಅದರ ಒಳಬದಿಗೆ ಗಿಡ ಉಳಿಸಿ. ಲಂಟಾನ ಕಳೆ, ಒಪ್ಪಿದೆ. ಕೀಳೋ ಮುಂಚೆ ಗೂಡು ಇದೆಯಾ ನೋಡಿ, ಸ್ವಲ್ಪ ಸ್ವಲ್ಪವೇ ಕಿತ್ತು ಆ ಜಾಗಕ್ಕೆ ಲಕ್ಕಿ, ಕಾರೆ ಹಾಕಿ. ತರಗಿಗೆ ಬೆಂಕಿ ಇಡಬೇಡಿ.

ಮೂಡಲ ಬದುವಿಗೆ ಈ ಮುಂಗಾರಲ್ಲಿ ಮತ್ತೆ ಲಕ್ಕಿ ನೆಡ್ತಿದೀನಿ. ಪಡುವಲ ಬೇಲೀಲಿ ಕಡ್ಡಿ ಬೇಕಾದಷ್ಟಿದೆ. ಬೇಕಾದವರು ಕುಡುಗೋಲು ಹಿಡ್ಕೊಂಡು ಬನ್ನಿ.