ಗೋಡೆಯ ಬರಹ ಯಾರ ಕೈಯಲ್ಲಿ?

ವಸ್ತುಸಂಗ್ರಹಾಲಯಗಳಲ್ಲಿ ಚಿತ್ರದ ಪಕ್ಕ ಅಂಟಿಸುವ ಕಾಗದದ ಚೀಟಿಯ ಬದಲು ವಿದ್ಯುತ್ ಕಾಗದದ ಫಲಕ ಬಳಸುವ ಕಾಲ ಬಂದಿದೆ. ಇದು ವಿದ್ವಾಂಸರ ಸಂಗತಿ, ಗಿರಣಿಯವನಿಗೂ ಅಂಗಡಿಯವನಿಗೂ ಇದರಿಂದೇನು ಎಂದು ಓದುಗರು ಪುಟ ಮಗುಚಬಾರದು.

ಈ ಫಲಕದೊಳಗೆ ಕೂದಲೆಳೆಯ ದಪ್ಪದ ಗುಳಿಗೆಗಳಿವೆ. ಅವುಗಳ ದ್ರವದಲ್ಲಿ ಕಪ್ಪು ಕಣ, ಬಿಳಿ ಕಣಗಳು ತೇಲುತ್ತವೆ. ವಿದ್ಯುತ್ತು ಹರಿಸಿದಾಗ ಒಂದು ಮೇಲೇರಿ ಇನ್ನೊಂದು ಕೆಳಗಿಳಿದು ಅಕ್ಷರ ಮೂಡುತ್ತದೆ. ಮೂಡಿದ ಮೇಲೆ ವಿದ್ಯುತ್ತು ಬೇಡ. ಬದಲಿಸುವಾಗ ಮಾತ್ರ ಬೇಕು. ಫಲಕ ತಾನಾಗಿ ಬೆಳಕು ಸೂಸುವುದಿಲ್ಲ. ಜಲವರ್ಣ ಚಿತ್ರ, ಹಳೆಯ ಬಟ್ಟೆಗಳ ಮೇಲೆ ಸುಮಾರು 50 ಲಕ್ಸ್ ಮೀರಿ ಬೆಳಕು ಬೀಳಬಾರದೆಂಬ ರೂಢಿಯಿರುವ ಕೋಣೆಗಳಿಗೆ ಇದು ಒಳ್ಳೆಯದೇ. ಒಂದೇ ಫಲಕದಲ್ಲಿ ನಾಲ್ಕು ಭಾಷೆ ತೋರಿಸಬಹುದು, ತಪ್ಪನ್ನು ಕೂಡಲೇ ತಿದ್ದಬಹುದು. ಯಂತ್ರವನ್ನು ವಿರೋಧಿಸುವವರು ನಾವಲ್ಲ. ಮಗ್ಗ ಬಂದಾಗಲೂ ನಾವು ಕೇಳಿದ್ದು ಮಗ್ಗದ ಒಡೆಯ ಯಾರು ಎಂದೇ.

ಇದೇ ಫಲಕ ದೊಡ್ಡ ಮಳಿಗೆಗಳಲ್ಲಿ ಬೆಲೆಚೀಟಿಯಾಗಿ ಆಗಲೇ ಕೆಲಸ ಮಾಡುತ್ತಿದೆ. ದೂರದ ಕಚೇರಿಯಲ್ಲಿ ಗುಂಡಿ ಒತ್ತಿದರೆ ನೂರಾರು ಅಂಗಡಿಗಳ ಬೆಲೆ ಒಮ್ಮೆಗೇ ಬದಲಾಗುತ್ತದೆ. ನಿನ್ನೆಯ ಬೆಲೆಯ ಗುರುತು ಹಲಗೆಯ ಮೇಲೆ ಉಳಿಯುವುದಿಲ್ಲ. ಸೀಮೆಸುಣ್ಣದಲ್ಲಿ ದರ ಬರೆಯುವ ನಮ್ಮ ವ್ಯಾಪಾರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಬೆಲೆಗೆ ಆದದ್ದು ಚರಿತ್ರೆಗೂ ಆಗಬಹುದು. ಇಂದು ಗೋಡೆಯ ಮೇಲೆ ರೈತರ ದಂಗೆ ಎಂದಿದ್ದುದು ನಾಳೆ ಗಲಭೆ ಎಂದಾದರೆ, ಕೆರೆದ ಗುರುತೂ ಇರದು, ಹರಿದ ಚೂರೂ ಸಿಗದು.

ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ಶಿಲ್ಪಗಳ ಅಡಿಯಲ್ಲಿ ತಮ್ಮ ಹೆಸರನ್ನು ಕನ್ನಡದಲ್ಲೇ ಕೊರೆದರು. ದುಡಿದ ಕೈಗಳು ತಾವೇ ಬರೆದುಕೊಂಡ ಫಲಕ ಅದು! ಒಂಬೈನೂರು ವರ್ಷವಾದರೂ ಅಳಿದಿಲ್ಲ. ಅರಸನ ಹೆಸರನ್ನು ದಪ್ಪಕ್ಷರದಲ್ಲಿ ಬರೆದು ಕುಶಲಕರ್ಮಿಯ ಹೆಸರನ್ನು ಬಿಡುವ ಫಲಕ, ಎಷ್ಟು ಹೊಸದಾದರೂ, ಆ ಕಲ್ಲಿಗಿಂತ ಹಿಂದುಳಿದದ್ದೇ.

ಆದ್ದರಿಂದ ನಮ್ಮ ಬೇಡಿಕೆ ಮೂರು. ಜನರ ತೆರಿಗೆಯಿಂದ ನಡೆಯುವ ನಮ್ಮ ಸಂಗ್ರಹಾಲಯಗಳಲ್ಲಿ ಇಂಥ ಫಲಕ ಹಾಕುವುದಾದರೆ ಮೊದಲು ಕನ್ನಡ ಬರಲಿ, ಮಂದ ಬೆಳಕಿನಲ್ಲೂ ಮುದುಕರು ಓದುವಷ್ಟು ದೊಡ್ಡ ಅಕ್ಷರದಲ್ಲಿ. ಮಾಡಿದವನ ಹೆಸರು ಗೊತ್ತಿದ್ದ ಕಡೆಯೆಲ್ಲ ಅದು ಇರಲಿ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಫಲಕದ ಒಂದು ಪದ ಬದಲಾದರೂ ಹಳೆಯ ಪಾಠ, ಹೊಸ ಪಾಠ, ತಾರೀಖು, ಬದಲಿಸಿದವರ ರುಜು ಒಂದು ದಫ್ತರದಲ್ಲಿ ದಾಖಲಾಗಲಿ, ಆ ದಫ್ತರ ಬಾಗಿಲ ಬಳಿಯೇ, ಕೇಳಿದವರ ಕೈಗೆ ಸಿಗುವಂತಿರಲಿ.

ಇದಕ್ಕೆ ಹೆಚ್ಚು ಹಣ ಬೇಡ. ಮನಸ್ಸು ಬೇಕು, ಮತ್ತು ಕೇಳುವ ಜನ ಬೇಕು.