ಲಾಕ್ ಒಡೆದವರೆಲ್ಲ ಅಪರಾಧಿಗಳೇ?

ಮಹಾರಾಷ್ಟ್ರದ ಜತ್ತ ತಾಲೂಕಿನ ಉಟಗಿಯಂಥ ಗಡಿಯೂರುಗಳಲ್ಲಿ ಲಗ್ನಪತ್ರಿಕೆ ಕನ್ನಡದಲ್ಲೂ ಬೇಕಾಗುತ್ತದೆ, ಮರಾಠಿಯಲ್ಲೂ ಬೇಕಾಗುತ್ತದೆ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಈ ಕೆಲಸಕ್ಕೆ ಪುಣೆಯ ಮಾಡ್ಯುಲರ್ ಇನ್ಫೋಟೆಕ್ ಕಂಪನಿಯ ಶ್ರೀಲಿಪಿಯಂಥ ತಂತ್ರಾಂಶಗಳೇ ಡಿಟಿಪಿ ಅಂಗಡಿಗಳಿಗೆ ಆಸರೆ. ಇಂಥ ತಂತ್ರಾಂಶಗಳ ಜತೆ ಬೆರಳುದ್ದದ ಒಂದು ಲಾಕ್ ಬರುತ್ತಿತ್ತು. ಅದನ್ನು ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸಿದರಷ್ಟೇ ಅಕ್ಷರ ಮೂಡಬೇಕು. ಲಾಕ್ ಕೆಟ್ಟರೆ, ಇಲ್ಲವೇ ಹೊಸ ಕಂಪ್ಯೂಟರಿನಲ್ಲಿ ಹಳೆಯ ಪ್ರಿಂಟರ್ ಪೋರ್ಟೇ ಇಲ್ಲದೆ ಹೋದರೆ, ದುಡ್ಡು ಕೊಟ್ಟು ಕೊಂಡವರ ಕೆಲಸವೇ ನಿಂತುಹೋಗುತ್ತಿತ್ತು. ಲಾಕ್ ಮುರಿದ, ಅಂದರೆ ಕ್ರ್ಯಾಕ್ ಮಾಡಿದ ಪ್ರತಿಗೆ ಈ ತಾಪತ್ರಯವಿಲ್ಲ.

ಕೊಂಡ ತಂತ್ರಾಂಶವನ್ನು ನಡೆಸಲು ಲಾಕ್ ಮುರಿದವನನ್ನೂ, ಮುರಿದ ಪ್ರತಿಯನ್ನು ಸಿಡಿಗೆ ಹಾಕಿ ಮಾರುವವನನ್ನೂ ಕಾನೂನು ಒಂದೇ ಕಣ್ಣಿನಿಂದ ನೋಡಬೇಕೇ?

ಕೂಡದು. ನಮ್ಮ ಕಾಯ್ದೆಯೂ ಬಹುಮಟ್ಟಿಗೆ ಹಾಗೆ ನೋಡುವುದಿಲ್ಲ ಎಂಬುದು ಸಮಾಧಾನದ ಸಂಗತಿ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಸೇರಿದ ಕಲಂ 65ಎ, ಲಾಕಿನಂಥ ತಾಂತ್ರಿಕ ರಕ್ಷಣೆ ಮುರಿದವರಿಗೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ ವಿಧಿಸುತ್ತದೆ. ಆದರೆ ಹಕ್ಕು ಉಲ್ಲಂಘಿಸುವ ಉದ್ದೇಶದಿಂದಲೇ ಮುರಿದಿರಬೇಕು. ಗೂಢಲಿಪಿ ಸಂಶೋಧನೆ, ಮಾಲೀಕರ ಒಪ್ಪಿಗೆಯಿಂದ ನಡೆಸುವ ಭದ್ರತಾ ಪರೀಕ್ಷೆ, ಕಾನೂನುಬದ್ಧ ತನಿಖೆಗಳಿಗೆ ವಿನಾಯಿತಿ ಇದೆ. ಕೊಂಡ ತಂತ್ರಾಂಶದ ಬ್ಯಾಕಪ್ ಪ್ರತಿ ಇಟ್ಟುಕೊಳ್ಳಲು ಕಲಂ 52 ಅನುಮತಿ ಕೊಡುತ್ತದೆ. ಬೇರೊಂದು ತಂತ್ರಾಂಶದೊಡನೆ ಅದನ್ನು ಹೊಂದಿಸಲು ಬೇಕಾದ ಮಾಹಿತಿ ಸುಲಭವಾಗಿ ಸಿಗದಿದ್ದರೆ ಅಗೆದು ತೆಗೆಯಲೂ ಅಡ್ಡಿಯಿಲ್ಲ. ಹಳೆಯ ಫಾಂಟುಗಳಲ್ಲಿ ಸಿಕ್ಕಿಬಿದ್ದ ಕನ್ನಡ ಪಠ್ಯವನ್ನು ಯೂನಿಕೋಡಿಗೆ ತರಲು ಹೆಣಗಿದವರಿಗೆ ಇಂಥ ಅವಕಾಶದ ಬೆಲೆ ಗೊತ್ತು.

ಅಮೆರಿಕದ 1998ರ ಡಿಎಂಸಿಎ ಎಂಬ ಕೃತಿಸ್ವಾಮ್ಯ ಕಾಯ್ದೆ ಇಷ್ಟು ಉದಾರವಲ್ಲ. 2001ರ ಜುಲೈನಲ್ಲಿ ಲಾಸ್ ವೆಗಾಸ್‌ನ ಸಮ್ಮೇಳನವೊಂದಕ್ಕೆ ಬಂದಿದ್ದ ರಷ್ಯಾದ ಪ್ರೋಗ್ರಾಮರ್ ಡಿಮಿಟ್ರಿ ಸ್ಕ್ಲ್ಯಾರೊವ್ ಅವರನ್ನು ಎಫ್‌ಬಿಐ ಬಂಧಿಸಿತು. ಅಡೋಬಿ ಇ-ಪುಸ್ತಕಗಳ ರಕ್ಷಣೆ ಕಳಚುವ ತಂತ್ರಾಂಶದ ಮೇಲೆ ಅವರು ಕೆಲಸ ಮಾಡಿದ್ದರು. ಅದನ್ನು ಮಾರುತ್ತಿದ್ದ ಎಲ್ಕಾಮ್‌ಸಾಫ್ಟ್ ಕಂಪನಿ ನಿರ್ದೋಷಿಯೆಂದು 2002ರ ಡಿಸೆಂಬರಿನಲ್ಲಿ ಜ್ಯೂರಿ ಹೇಳಿತು. ಅಷ್ಟರಲ್ಲಿ ಆ ಯುವಕ ಪರದೇಶದ ಸೆರೆಮನೆಯನ್ನು ಕಂಡು ಬಂದಾಗಿತ್ತು.

ನಮ್ಮಲ್ಲೂ ಬಿಗಿಯಾದ ಕಡೆಗಳಿವೆ. ರಿಲಯನ್ಸ್ ಇನ್ಫೋಕಾಮ್ ತನ್ನ ಜಾಲಕ್ಕೆ ಕಟ್ಟಿಹಾಕಿ ಕೊಟ್ಟಿದ್ದ ಫೋನುಗಳನ್ನು ಟಾಟಾ ಇಂಡಿಕಾಮ್ ಜಾಲಕ್ಕೆ ಬದಲಿಸಿದ ಆರೋಪ ಹೊತ್ತವರು ಆಂಧ್ರಪ್ರದೇಶ ಹೈಕೋರ್ಟಿಗೆ ಹೋಗಿದ್ದರು. 2005ರಲ್ಲಿ ಕೋರ್ಟು ಐಟಿ ಮತ್ತು ಕೃತಿಸ್ವಾಮ್ಯ ಕಾಯ್ದೆಗಳಡಿಯ ಆರೋಪಗಳನ್ನು ರದ್ದುಪಡಿಸಲು ಒಪ್ಪಲಿಲ್ಲ. ಗಿರಾಕಿಯ ಕೈಯಲ್ಲಿದ್ದ ಫೋನನ್ನು ಬೇರೆ ಜಾಲಕ್ಕೆ ಒಯ್ದದ್ದು ಎರಡು ಕಂಪನಿಗಳ ವ್ಯಾಜ್ಯ. ಅದು ಸಿವಿಲ್ ಕೋರ್ಟಿನಲ್ಲಿ ಮುಗಿಯಬೇಕಾಗಿತ್ತು.

ಅದಕ್ಕಿಂತ ಹರಿತವಾದದ್ದು ಕೃತಿಸ್ವಾಮ್ಯ ಕಾಯ್ದೆಯ ಕಲಂ 63ಬಿ. ನಕಲಿ ಎಂದು ಗೊತ್ತಿದ್ದೂ ತಂತ್ರಾಂಶ ಬಳಸಿದವರಿಗೆ ಕನಿಷ್ಠ ಏಳು ದಿನ, ಗರಿಷ್ಠ ಮೂರು ವರ್ಷ ಜೈಲು. ಜತೆಗೆ 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಲಾಭಕ್ಕಾಗಿ ಬಳಸದವರಿಗೆ ಜೈಲು ತಪ್ಪಿಸುವ ಅಧಿಕಾರ ಕೋರ್ಟಿಗಿದೆ. ಲಗ್ನಪತ್ರಿಕೆಯೊಂದಕ್ಕೆ ಇಷ್ಟು ಎಂದು ದುಡಿಯುವ ಡಿಟಿಪಿ ಅಂಗಡಿಯವನದು ವ್ಯಾಪಾರವೇ ಆದ್ದರಿಂದ ಆ ರಿಯಾಯಿತಿ ಅವನಿಗೆ ಸಿಗುವುದು ಕಷ್ಟ. ಲಾಕ್ ಮುರಿಯುವುದಕ್ಕೆ ಎರಡು ವರ್ಷ, ಮುರಿದದ್ದನ್ನು ಬಳಸುವುದಕ್ಕೆ ಮೂರು ವರ್ಷ! ಈ ಅಳತೆ ತಲೆಕೆಳಗಾಗಿದೆ.

ಹಾಗೆಂದು ಕ್ರ್ಯಾಕ್ ಮಾರಿ ದುಡ್ಡು ಮಾಡುವವರನ್ನು ಬಿಡಬೇಕೆಂದಲ್ಲ. ಕನ್ನಡ ತಂತ್ರಾಂಶದ ಮಾರುಕಟ್ಟೆಯೇ ಚಿಕ್ಕದು. ಅದರಲ್ಲಿ ದುಡಿದವರ ಅನ್ನಕ್ಕೆ ಕೈಹಾಕುವುದು ಅಪರಾಧವೇ. ಕ್ರ್ಯಾಕಿನ ಜತೆ ವೈರಸ್ ಕಟ್ಟಿಕೊಂಡು ಬಂದು ಗಿರಾಕಿಯ ಆಧಾರ್ ಪ್ರತಿ, ಫೋಟೊಗಳು ಕಳವಾಗುವ ಭಯವೂ ಇದೆ.

ಸಂಸತ್ತು ಕಲಂ 63ಬಿಯ ಕನಿಷ್ಠ ಜೈಲುಶಿಕ್ಷೆಯನ್ನು ತೆಗೆದುಹಾಕಲಿ. ಕಂಪನಿ ಕೈಬಿಟ್ಟ ತಂತ್ರಾಂಶದ ಲಾಕನ್ನು ಆ ತಂತ್ರಾಂಶ ಕೊಂಡವರು ತೆರೆಯಬಹುದೆಂದು ಕಾಯ್ದೆಯಲ್ಲಿ ಸ್ಪಷ್ಟವಾಗಿ ಬರೆಯಲಿ. ಡಿಟಿಪಿ ಅಂಗಡಿಯವರು ಕ್ರ್ಯಾಕ್ ಹುಡುಕುವ ಮುಂಚೆ ಪುಟವಿನ್ಯಾಸ, ಚಿತ್ರರಚನೆಗಳ ತಂತ್ರಾಂಶಗಳಾದ ಸ್ಕ್ರೈಬಸ್, ಇಂಕ್‌ಸ್ಕೇಪ್‌ಗಳನ್ನು, ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳನ್ನು ಒಮ್ಮೆ ಬಳಸಿ ನೋಡಲಿ. ಇವೆಲ್ಲ ಉಚಿತವಾಗಿ ಸಿಗುತ್ತವೆ.